ಮೊಣಕಾಲು ಆಪರೇಷನ್ ಮತ್ತು ರಕ್ತದ ಹೆಪ್ಪು: ಸುದ್ದಿಗಳು ಒಂದಕ್ಕೊಂದು ಯಾಕೆ ತಾಳೆಯಾಗುತ್ತಿಲ್ಲ?

ಮೊಣಕಾಲಿನ ಕೀಲು ಬದಲಾಯಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಆಸ್ಪಿರಿನ್ ಗುಳಿಗೆ ಸಾಕು ಎಂದು ಒಂದು ಸುದ್ದಿ. ಇಲ್ಲ, ಆಸ್ಪಿರಿನ್ ಸೋತಿದೆ, ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ನೇ ಮೇಲು ಎಂದು ಇನ್ನೊಂದು. ಇವೆರಡನ್ನೂ ಬಿಡಿ, ಒಂದೇ ಸಲ ಕೊಡುವ ಹೊಸ ಔಷಧಿ ಹೆಪ್ಪನ್ನು ಐದನೇ ಒಂದು ಪಾಲಿಗೆ ಇಳಿಸಿದೆ ಎಂದು ಮತ್ತೊಂದು. ಅದರ ಬೆನ್ನಿಗೇ, ಅದೇ ಜಾತಿಯ ಔಷಧಿಯ ದೊಡ್ಡ ಪ್ರಯೋಗವೊಂದನ್ನು ಅರ್ಧಕ್ಕೇ ನಿಲ್ಲಿಸಿದರು ಎನ್ನುವ ಸುದ್ದಿ ಬೇರೆ. ಬ್ಯಾಡಗಿಯಿಂದಲೋ ರೋಣದಿಂದಲೋ ಅವ್ವನನ್ನು ಹುಬ್ಬಳ್ಳಿಗೆ ಕರೆತಂದು ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡು ಹೋದ ಮನೆಯವರು ಮೊಬೈಲಿನಲ್ಲಿ ಇದನ್ನೆಲ್ಲ ಓದಿದರೆ ತಲೆ ಕೆಡುವುದು ಸಹಜ ಅಲ್ವಾ.

ಇದರಲ್ಲಿ ಸುಳ್ಳು ಸುದ್ದಿ ಯಾವುದೂ ಇಲ್ಲ. ನಾಲ್ಕೂ ನಿಜ. ಅವು ಎದುರುಬದುರು ನಿಂತಂತೆ ಕಾಣುವುದು ಯಾಕೆಂದರೆ, ಒಂದೊಂದು ಪ್ರಯೋಗದಲ್ಲೂ ಬೇರೆ ಬೇರೆ ಹೆಪ್ಪನ್ನು, ಬೇರೆ ಬೇರೆ ರೋಗಿಗಳಲ್ಲಿ ಎಣಿಸಿದ್ದಾರೆ. ಯಾವುದನ್ನು ಎಣಿಸಿದರು ಎಂಬುದು ಗೊತ್ತಾದರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಉಳಿದ ಅರ್ಧ ಔಷಧಿಗೆ ಸೇರಿದ್ದೇ ಅಲ್ಲ, ಡಿಸ್ಚಾರ್ಜ್ ಆಗಿ ಊರಿಗೆ ಹೋದಮೇಲಿನ ದಿನಗಳಿಗೆ ಸೇರಿದ್ದು. ನಮ್ಮ ಕಡೆ ಆ ಅರ್ಧದ ಬಗ್ಗೆ ಮಾತು ಕಡಿಮೆ.

ಹೆಪ್ಪು ಕಟ್ಟುವುದೇ ಯಾಕೆ

ರಕ್ತನಾಳದೊಳಗೆ ಹೆಪ್ಪು ಕಟ್ಟಲು ಮೂರು ಕಾರಣ. ರಕ್ತದ ಓಟ ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಹೆಪ್ಪುಗಟ್ಟುವ ಕಡೆಗೆ ವಾಲುವುದು. ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಹೆಸರಿನಲ್ಲಿ ಇವತ್ತಿಗೂ ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಮಾತಿದು.

ಮೊಣಕಾಲು ಬದಲಾಯಿಸುವಾಗ ಈ ಮೂರೂ ಒಟ್ಟಿಗೆ ಬರುತ್ತವೆ. ಆಪರೇಷನ್ ವೇಳೆ ರಕ್ತ ಹರಿಯದಂತೆ ಸಾಮಾನ್ಯವಾಗಿ ತೊಡೆಗೆ ಬಿಗಿಯಾದ ಪಟ್ಟಿ ಕಟ್ಟುತ್ತಾರೆ, ಅಷ್ಟು ಹೊತ್ತೂ ಕೆಳಗಿನ ರಕ್ತ ನಿಂತಲ್ಲೇ ನಿಲ್ಲುತ್ತದೆ. ಕಾಲನ್ನು ಮಡಚಿ ತಿರುಗಿಸಿ ಕೆಲಸ ಮಾಡುವುದರಿಂದ ಮೊಣಕಾಲಿನ ಹಿಂದಿನ ರಕ್ತನಾಳ ಹಿಂಡಿದಂತಾಗುತ್ತದೆ. ಎಲುಬನ್ನು ಕೊಯ್ದಾಗ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವ ಪದಾರ್ಥಗಳು ರಕ್ತಕ್ಕೆ ಸೇರುತ್ತವೆ. ಆಮೇಲೆ ನೋವು, ಹಾಸಿಗೆ, ಕಡಿಮೆ ಓಡಾಟ.

ಹೀಗೆ ಕಟ್ಟಿದ ಹೆಪ್ಪು ಹೆಚ್ಚಾಗಿ ಮೀನಖಂಡದ ಒಳಗಿನ ನಾಳಗಳಲ್ಲಿರುತ್ತದೆ. ಬಹುತೇಕ ಅಲ್ಲೇ ಕರಗಿಹೋಗುತ್ತದೆ, ರೋಗಿಗೆ ಗೊತ್ತೂ ಆಗುವುದಿಲ್ಲ. ಕೆಲವು ಮಾತ್ರ ಬೆಳೆದು ತೊಡೆಯತ್ತ ಏರುತ್ತವೆ. ಅದರಲ್ಲೂ ಕೆಲವು ತುಂಡಾಗಿ ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತವೆ. ವೈದ್ಯರು ಪಲ್ಮನರಿ ಎಂಬಾಲಿಸಂ ಎನ್ನುವುದು ಇದಕ್ಕೇ. ಇದ್ದಕ್ಕಿದ್ದಂತೆ ಉಸಿರು ಸಿಗದಂತಾಗುವುದು, ಎದೆ ನೋವು, ಕೆಮ್ಮಿದರೆ ರಕ್ತ, ತಲೆಸುತ್ತಿ ಬೀಳುವುದು ಇದರ ಲಕ್ಷಣ. ಜೀವಕ್ಕೇ ಅಪಾಯ. ಇದು ಅಪರೂಪ, ಆದರೆ ತನ್ನ ಕಾಲಮೇಲೆ ನಡೆದು ಬಂದು ಆಪರೇಷನ್ ಮಾಡಿಸಿಕೊಂಡವರಿಗೆ ಆಗುವಂಥದ್ದು. ಅದಕ್ಕೇ ಎಲ್ಲರಿಗೂ ಮೊದಲೇ ತಡೆ ಔಷಧಿ ಕೊಡುವುದು.

"ನಮ್ಮ ಜನಕ್ಕೆ ಇದೆಲ್ಲ ಆಗಲ್ಲ, ಬಿಳಿಯರಿಗೆ ಮಾತ್ರ" ಎಂಬ ಮಾತು ಏಷ್ಯಾದ ಸರ್ಜನ್‌ಗಳಲ್ಲಿ ಬಹಳ ಕಾಲ ಇತ್ತು. ಚೀನಾ, ಥಾಯ್ಲೆಂಡ್, ಮಲೇಷ್ಯಾ ಸೇರಿ ಏಷ್ಯಾದ 19 ಆಸ್ಪತ್ರೆಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಪರೀಕ್ಷಿಸಿತು. ತಡೆ ಔಷಧಿ ಇಲ್ಲದೆ ಸೊಂಟದ ಅಥವಾ ಮೊಣಕಾಲಿನ ಆಪರೇಷನ್ ಆದವರನ್ನು ಹುಡುಕಿ ನೋಡಿದಾಗ ನೂರಕ್ಕೆ 41 ಜನರ ಕಾಲಲ್ಲಿ ಹೆಪ್ಪಿತ್ತು. ಪಶ್ಚಿಮದ ಅಧ್ಯಯನಗಳಲ್ಲಿ ಇದೇ ಲೆಕ್ಕ ನೂರಕ್ಕೆ 40ರಿಂದ 60. ಅಂದರೆ ಅಂಥ ದೊಡ್ಡ ವ್ಯತ್ಯಾಸವೇನಿಲ್ಲ. ಆದರೆ "ಹುಡುಕಿ ನೋಡಿದಾಗ" ಎಂಬ ಮಾತನ್ನು ಗಮನಿಸಿ. ಇಡೀ ವಿಷಯ ನಿಂತಿರುವುದೇ ಅದರ ಮೇಲೆ.

ಎಣಿಸಿದ್ದು ಯಾವ ಹೆಪ್ಪು?

ಹೆಪ್ಪನ್ನು ಎಣಿಸಲು ಎರಡು ದಾರಿ ಇವೆ. ಒಂದು, ಕಾಲು ಬಾತು ನೋವಾಗಿ ಅಥವಾ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಬಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಇನ್ನೊಂದು, ತೊಂದರೆ ಇರಲಿ ಬಿಡಲಿ, ಆಪರೇಷನ್ ಆಗಿ ಒಂದೂವರೆ ವಾರದ ಸುಮಾರಿಗೆ ಎಲ್ಲರಿಗೂ ವೆನೋಗ್ರಫಿ ಮಾಡುವುದು.

ವೆನೋಗ್ರಫಿ ಅಂದರೆ ಪಾದದ ಮೇಲಿನ ಸಣ್ಣ ನಾಳಕ್ಕೆ ಸೂಜಿ ಹಾಕಿ ಎಕ್ಸ್‌ರೇಯಲ್ಲಿ ಕಾಣುವಂಥ ದ್ರವ ಬಿಟ್ಟು, ಅದು ಕಾಲಲ್ಲಿ ಮೇಲೇರುವಾಗ ಎಕ್ಸ್‌ರೇ ತೆಗೆಯುವುದು. ದ್ರವ ತುಂಬದ ಜಾಗದಲ್ಲಿ ಹೆಪ್ಪಿದೆ ಎಂದು ಅರ್ಥ. ಬಾತ ಕಾಲಲ್ಲಿ ಆ ನಾಳ ಹುಡುಕುವುದೇ ಒಂದು ಕೆಲಸ, ರೋಗಿಗೂ ಹಿಂಸೆ. ಅದಕ್ಕೇ ಮಾಮೂಲಿ ಚಿಕಿತ್ಸೆಯಲ್ಲಿ ಇದನ್ನು ಯಾರೂ ಮಾಡಿಸುವುದಿಲ್ಲ, ಅನುಮಾನ ಬಂದರೆ ಡಾಪ್ಲರ್ ಎಂಬ ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಕು. ಆದರೆ ಔಷಧಿ ಪ್ರಯೋಗದಲ್ಲಿ ಇದು ಅಕ್ಕಿಕಾಳಿನಷ್ಟು ಹೆಪ್ಪನ್ನೂ ಬಿಡದೆ ತೋರಿಸುತ್ತದೆ.

ಎರಡೂ ಲೆಕ್ಕಗಳ ನಡುವೆ ಅಜಗಜಾಂತರ. ತಡೆ ಔಷಧಿ ತೆಗೆದುಕೊಂಡವರಲ್ಲೂ ವೆನೋಗ್ರಫಿ ಮಾಡಿದರೆ ನೂರಕ್ಕೆ ಇಪ್ಪತ್ತು ಚಿಲ್ಲರೆ ಜನರಲ್ಲಿ ಹೆಪ್ಪು ಸಿಗಬಹುದು. ತೊಂದರೆಯಾಗಿ ಬಂದವರನ್ನಷ್ಟೇ ಎಣಿಸಿದರೆ ನೂರಕ್ಕೆ ಒಂದೋ ಎರಡೋ ಮೂರೋ. ಮೊದಲ ಸಂಖ್ಯೆ ಓದಿದವರು ಹೆದರುತ್ತಾರೆ, ಎರಡನೆಯದು ಓದಿದವರು ನಿರಾಳವಾಗುತ್ತಾರೆ. ಇಬ್ಬರೂ ಓದಿದ್ದು ಒಂದೇ ಆಪರೇಷನ್ ಬಗ್ಗೆ.

ಹಾಗಾದರೆ ಸಂಶೋಧಕರು ಕಣ್ಣಿಗೆ ಕಾಣದ, ತೊಂದರೆ ಕೊಡದ ಹೆಪ್ಪನ್ನು ಎಣಿಸುವುದು ಯಾಕೆ? ಸರಳ ಗಣಿತ. ನೂರಕ್ಕೆ ಎರಡು ಆಗುವ ಘಟನೆಯನ್ನು ಒಂದಕ್ಕೆ ಇಳಿಸಿದ್ದೀವಿ ಎಂದು ಗಟ್ಟಿಯಾಗಿ ಹೇಳಲು ಸಾವಿರಾರು ರೋಗಿಗಳು ಬೇಕು, ವರ್ಷಗಟ್ಟಲೆ ಸಮಯ ಬೇಕು. ನೂರಕ್ಕೆ ಇಪ್ಪತ್ತು ಆಗುವುದನ್ನು ಐದಕ್ಕೆ ಇಳಿಸಿದ್ದು ನಾಲ್ಕುನೂರು ಜನರಲ್ಲೇ ಗೊತ್ತಾಗಿಬಿಡುತ್ತದೆ. ಹೊಸ ಔಷಧಿಯ ಮೊದಮೊದಲ ಪ್ರಯೋಗಗಳು ಎರಡನೇ ದಾರಿ ಹಿಡಿಯುವುದು ಅದಕ್ಕೇ. ಇದು ಮೋಸ ಅಲ್ಲ. ಆದರೆ ಪತ್ರಿಕೆಯ ತಲೆಬರಹಕ್ಕೆ ಬರುವ ಹೊತ್ತಿಗೆ ಈ ವಿವರ ಉದುರಿಹೋಗಿರುತ್ತದೆ, ತೊಂದರೆ ಅಲ್ಲಿ ಶುರು.

ಆಸ್ಪಿರಿನ್ ಜಗಳ

ಆಸ್ಪಿರಿನ್ ಸಾಕು ಎನ್ನುವವರು ಮುಂದಿಡುವ ದೊಡ್ಡ ಸಾಕ್ಷಿ 2018ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗ. ಸೊಂಟ ಅಥವಾ ಮೊಣಕಾಲಿನ ಕೀಲು ಬದಲಾಯಿಸಿಕೊಂಡ 3,424 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಆಸ್ಪಿರಿನ್, ಇನ್ನೊಂದಕ್ಕೆ ರಕ್ತ ತಿಳಿ ಮಾಡುವ ರಿವರಾಕ್ಸಬಾನ್ ಗುಳಿಗೆ. ತೊಂದರೆ ಕೊಟ್ಟ ಹೆಪ್ಪು ಆಸ್ಪಿರಿನ್ ಗುಂಪಿನಲ್ಲಿ ನೂರಕ್ಕೆ 0.64, ರಿವರಾಕ್ಸಬಾನ್ ಗುಂಪಿನಲ್ಲಿ 0.70. ಅಂದರೆ ಸರಿಸಮ.

ಆದರೆ ಸುದ್ದಿಯಲ್ಲಿ ಒಂದು ವಿವರ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಆ ಪ್ರಯೋಗದಲ್ಲಿ ಎಲ್ಲರಿಗೂ, ಹೌದು ಆಸ್ಪಿರಿನ್ ಗುಂಪಿನವರಿಗೂ, ಮೊದಲ ಐದು ದಿನ ರಿವರಾಕ್ಸಬಾನನ್ನೇ ಕೊಟ್ಟಿದ್ದರು. ಆಸ್ಪಿರಿನ್ ಶುರುವಾಗಿದ್ದು ಆಮೇಲೆ. ಮೊಣಕಾಲಿನವರಿಗೆ ಅದು ಇನ್ನೂ ಒಂಬತ್ತು ದಿನ. ಇದನ್ನು "ಆಸ್ಪಿರಿನ್ ಒಂದೇ ಸಾಕು" ಎಂದು ಓದಿದರೆ ತಪ್ಪಾಗುತ್ತದೆ. "ಮೊದಲ ಐದು ದಿನ ಗಟ್ಟಿ ಔಷಧಿ ಕೊಟ್ಟರೆ, ಮುಂದಕ್ಕೆ ಆಸ್ಪಿರಿನ್ ನಡೆಯುತ್ತದೆ" ಎಂದು ಓದಬೇಕು.

ಆಸ್ಪಿರಿನ್ ಸೋತಿತು ಎನ್ನುವ ಸುದ್ದಿಯ ಮೂಲ ಆಸ್ಟ್ರೇಲಿಯಾ. 31 ಆಸ್ಪತ್ರೆ, 9,711 ರೋಗಿಗಳು, ಫಲಿತಾಂಶ ಬಂದಿದ್ದು 2022ರಲ್ಲಿ. ಇಲ್ಲಿ ಆಸ್ಪಿರಿನ್ನನ್ನು ಮೊದಲ ದಿನದಿಂದಲೇ ಒಂಟಿಯಾಗಿ ಕೊಟ್ಟು, ಹೊಟ್ಟೆಗೆ ಚುಚ್ಚುವ ಎನಾಕ್ಸಪರಿನ್ ಇಂಜೆಕ್ಷನ್ ಜೊತೆ ಹೋಲಿಸಿದರು. ತೊಂಬತ್ತು ದಿನದೊಳಗೆ ತೊಂದರೆ ಕೊಟ್ಟ ಹೆಪ್ಪು ಆಸ್ಪಿರಿನ್ ಗುಂಪಿನಲ್ಲಿ ನೂರಕ್ಕೆ 3.45, ಎನಾಕ್ಸಪರಿನ್ ಗುಂಪಿನಲ್ಲಿ 1.82. ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಆ ವ್ಯತ್ಯಾಸ ಬಹುಪಾಲು ಮೊಣಕಾಲಿನ ಕೆಳಗಿನ ಹೆಪ್ಪಿನದ್ದು. ಸಾವಿನಲ್ಲಾಗಲಿ, ದೊಡ್ಡ ರಕ್ತಸ್ರಾವದಲ್ಲಾಗಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಹಾಗಾಗಿ ಎರಡೂ ಕಡೆಯವರು ಒಂದೇ ಫಲಿತಾಂಶ ಹಿಡಿದು ಜಗಳ ಮಾಡುತ್ತಾರೆ. ಹೆಪ್ಪಿಗೆ ಚಿಕಿತ್ಸೆ ಕೊಡುವ ವೈದ್ಯರು "ಎರಡು ಪಟ್ಟು ಅಂದರೆ ಎರಡು ಪಟ್ಟೇ, ಸಣ್ಣ ಹೆಪ್ಪಾದರೂ ರೋಗಿ ಮೂರು ತಿಂಗಳು ರಕ್ತ ತಿಳಿ ಮಾಡುವ ಔಷಧಿ ತಿನ್ನಬೇಕು" ಎನ್ನುತ್ತಾರೆ. ಮೂಳೆ ಸರ್ಜನ್‌ಗಳ ಭಯ ಬೇರೆ. ಔಷಧಿ ಜೋರಾದರೆ ಕೀಲಿನೊಳಗೆ ರಕ್ತ ಸೇರಿ ಮೊಣಕಾಲು ಬಾತುಕೊಳ್ಳುತ್ತದೆ, ಗಾಯ ಒಣಗುವುದಿಲ್ಲ, ಅಲ್ಲಿಂದ ಕೀವು. ಹೊಸ ಕೀಲಿಗೆ ಸೋಂಕು ತಗುಲಿದರೆ ಮತ್ತೆ ಮತ್ತೆ ಆಪರೇಷನ್. ಅವರು ದಿನಾ ನೋಡುವುದು ಆ ಮೊಣಕಾಲನ್ನು, ಶ್ವಾಸಕೋಶಕ್ಕೆ ಹೋದ ಹೆಪ್ಪನ್ನಲ್ಲ. ಹಾಗಾಗಿ ಆಸ್ಪಿರಿನ್ ಕಡೆ ಅವರ ಒಲವು ಅರ್ಥವಾಗುವಂಥದ್ದೇ. ಬ್ರಿಟನ್ನಿನ 2018ರ ಮಾರ್ಗಸೂಚಿಯಲ್ಲಿ ಮೊಣಕಾಲಿಗೆ ಹದಿನಾಲ್ಕು ದಿನದ ಆಸ್ಪಿರಿನ್ನೂ ಒಂದು ಆಯ್ಕೆ, ಇಂಜೆಕ್ಷನ್ನೂ ಒಂದು ಆಯ್ಕೆ, ರಿವರಾಕ್ಸಬಾನೂ ಒಂದು ಆಯ್ಕೆ.

ಈ ಎರಡು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಧೈರ್ಯವಾಗಿ ಹೇಳಬಹುದು. ಮೊದಲ ಕೆಲವು ದಿನ ಮುಖ್ಯ, ಆಗ ಆಸ್ಪಿರಿನ್ ಸ್ವಲ್ಪ ಮೆದು. ಹಿಂದೆ ಯಾವಾಗಲೋ ಹೆಪ್ಪು ಕಟ್ಟಿದವರು, ಕ್ಯಾನ್ಸರ್ ಇದ್ದವರು, ತೂಕ ತುಂಬಾ ಜಾಸ್ತಿ ಇದ್ದವರು, ಎರಡೂ ಮೊಣಕಾಲು ಒಂದೇ ಸಲ ಮಾಡಿಸಿಕೊಳ್ಳುವವರು, ಇಂಥವರಿಗೆ ಆಸ್ಪಿರಿನ್ ಒಂದರ ಮೇಲೆ ಭಾರ ಹಾಕುವುದು ಅಪಾಯ. ಎರಡೂ ಕಾಲು ಒಟ್ಟಿಗೆ ಮಾಡಿಸಿದರೆ ಖರ್ಚೂ ಒಂದೇ ಸಲ, ಮನೆಯವರ ರಜೆಯೂ ಒಂದೇ ಸಲ ಎಂದು ಲೆಕ್ಕ ಹಾಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹೆಪ್ಪಿನ ಅಪಾಯವೂ ಆ ಲೆಕ್ಕದಲ್ಲಿ ಸೇರಬೇಕು.

ಫ್ಯಾಕ್ಟರ್ 11: ಹೊಸ ಗುರಿ

ಈಗಿನ ಎಲ್ಲ ಔಷಧಿಗಳಿಗೂ ಒಂದೇ ಕಾಯಿಲೆ. ಹೆಪ್ಪು ತಡೆದಷ್ಟೂ ರಕ್ತಸ್ರಾವ ಹೆಚ್ಚುತ್ತದೆ. ಹೆಪಾರಿನ್, ವಾರ್ಫರಿನ್, ರಿವರಾಕ್ಸಬಾನ್, ಅಪಿಕ್ಸಬಾನ್, ಯಾವುದೂ ಇದರಿಂದ ತಪ್ಪಿಸಿಕೊಂಡಿಲ್ಲ. ಗಾಯದಲ್ಲಿ ರಕ್ತ ನಿಲ್ಲಿಸುವ ಹೆಪ್ಪಿಗೂ ನಾಳದೊಳಗೆ ಅಡ್ಡ ನಿಲ್ಲುವ ಹೆಪ್ಪಿಗೂ ಇವು ವ್ಯತ್ಯಾಸ ಮಾಡುವುದಿಲ್ಲ.

ವ್ಯತ್ಯಾಸ ಮಾಡಲು ಸಾಧ್ಯ ಇರಬಹುದು ಎಂಬ ಸುಳಿವು ಸಿಕ್ಕಿದ್ದು ರಕ್ತ ಹೆಪ್ಪುಗಟ್ಟಲು ನೆರವಾಗುವ ಫ್ಯಾಕ್ಟರ್ 11 ಎಂಬ ಪ್ರೋಟೀನ್ ಹುಟ್ಟಿನಿಂದಲೇ ಕಡಿಮೆ ಇರುವ ಜನರಿಂದ. 1953ರಲ್ಲಿ ಮೊದಲು ಗುರುತಿಸಿದ ಈ ಕೊರತೆ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚು. ಇಂಥವರಲ್ಲಿ ತಾನಾಗಿಯೇ ರಕ್ತ ಸೋರುವುದು ಅಪರೂಪ, ಹಲ್ಲು ಕೀಳಿಸಿದಾಗಲೋ ಆಪರೇಷನ್ ಆದಾಗಲೋ ಒಂದಿಷ್ಟು ಜಾಸ್ತಿ ಹೋಗಬಹುದು ಅಷ್ಟೇ. ಆದರೆ ಕಾಲಿನ ಹೆಪ್ಪು ಮಾತ್ರ ಅವರಿಗೆ ಬೇರೆಯವರಿಗಿಂತ ಕಡಿಮೆ.

ಇದು ಹೇಗೆ ಎನ್ನುವುದಕ್ಕೆ ನವಲಗುಂದ, ನರಗುಂದದ ಕಡೆಯ ಕಾಲುವೆಯನ್ನೇ ನೆನಪಿಸಿಕೊಳ್ಳಿ. ಬದು ಒಡೆದ ಕೂಡಲೇ ಪಕ್ಕದ ಹೊಲದವರು ನಾಲ್ಕು ಬುಟ್ಟಿ ಮಣ್ಣು ಹಾಕಿ ನೀರು ನಿಲ್ಲಿಸುತ್ತಾರೆ. ಆಮೇಲೆ ಸುದ್ದಿ ಕೇಳಿ ಬಂದ ಊರ ಮಂದಿ, ಬಿರುಕು ಮುಚ್ಚಿದ್ದರೂ ಮಣ್ಣು ಸುರಿಯುತ್ತಲೇ ಹೋದರೆ ಕಾಲುವೆಯೇ ಕಟ್ಟಿಕೊಳ್ಳುತ್ತದೆ. ಗಾಯವಾದಾಗ ಮೊದಲ ನಾಲ್ಕು ಬುಟ್ಟಿಯ ಕೆಲಸಕ್ಕೆ ಫ್ಯಾಕ್ಟರ್ 11 ಅಷ್ಟಾಗಿ ಬೇಡ. ಆಮೇಲೆ ಹೆಪ್ಪನ್ನು ಬೆಳೆಸುತ್ತ ಹೋಗುವುದರಲ್ಲಿ ಅದರ ಕೈ ಜಾಸ್ತಿ. ಅದೊಂದನ್ನೇ ತಡೆದರೆ ಗಾಯದ ರಕ್ತವೂ ನಿಲ್ಲಬೇಕು, ನಾಳವೂ ತೆರೆದಿರಬೇಕು. ಲೆಕ್ಕಾಚಾರ ಇಷ್ಟು.

ಇದನ್ನು ಮೊಣಕಾಲಿನ ರೋಗಿಗಳಲ್ಲಿ ಮೊದಲು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು. ಲಿವರ್‌ನಲ್ಲಿ ಫ್ಯಾಕ್ಟರ್ 11 ತಯಾರಾಗುವುದನ್ನೇ ತಗ್ಗಿಸುವ ಇಂಜೆಕ್ಷನ್ ಅದು. ಹೆಚ್ಚು ಡೋಸ್ ಪಡೆದವರಲ್ಲಿ ಹೆಪ್ಪು ನೂರಕ್ಕೆ 4, ಎನಾಕ್ಸಪರಿನ್ ಪಡೆದವರಲ್ಲಿ 30. ಬೆರಗಾಗುವಂಥ ಅಂತರ. ಆದರೆ ಇಂಜೆಕ್ಷನ್ನನ್ನು ಆಪರೇಷನ್ನಿಗೆ ಐದು ವಾರ ಮೊದಲೇ ಶುರು ಮಾಡಬೇಕಿತ್ತು. ಯಾರಿಗೆ ಆಗುತ್ತದೆ?

2021ರಲ್ಲಿ ಬಂದ ಎರಡು ಫಲಿತಾಂಶಗಳೇ ಈಗಿನ ಸುದ್ದಿಗಳ ಬೇರು. ಅಬೆಲಾಸಿಮಾಬ್ ಒಂದು ಆಂಟಿಬಾಡಿ, ಅಂದರೆ ಫ್ಯಾಕ್ಟರ್ 11ಕ್ಕೆ ಅಂಟಿಕೊಂಡು ಅದರ ಕೆಲಸ ತಡೆಯುವ ಪ್ರೋಟೀನ್. ಆಪರೇಷನ್ ಆದಮೇಲೆ ಒಂದೇ ಒಂದು ಸಲ ರಕ್ತನಾಳಕ್ಕೆ ಕೊಟ್ಟರೆ ಪರಿಣಾಮ ತಿಂಗಳ ಮಟ್ಟಿಗೆ ಇರುತ್ತದೆ. 412 ಜನರ ಪ್ರಯೋಗದಲ್ಲಿ ಎನಾಕ್ಸಪರಿನ್ ಗುಂಪಿನಲ್ಲಿ ಹೆಪ್ಪು ನೂರಕ್ಕೆ 22, ಇದರ 150 ಮಿಲಿಗ್ರಾಂ ಪಡೆದವರಲ್ಲಿ 4. ಇನ್ನೊಂದು ಮಿಲ್ವೆಕ್ಸಿಯಾನ್, ನುಂಗುವ ಔಷಧಿ. 1,242 ಜನ. ಎನಾಕ್ಸಪರಿನ್‌ನಲ್ಲಿ 21, ಇದರ ದೊಡ್ಡ ಡೋಸ್‌ನಲ್ಲಿ 8. ರಕ್ತಸ್ರಾವ ಎರಡೂ ಕಡೆ ನೂರಕ್ಕೆ 4ರಷ್ಟೇ. ರೀಜೆನೆರಾನ್ ಕಂಪನಿಯೂ ಇದೇ ಗುರಿಯ ಎರಡು ಆಂಟಿಬಾಡಿಗಳನ್ನು ಮೊಣಕಾಲಿನ ರೋಗಿಗಳಲ್ಲೇ ಪರೀಕ್ಷಿಸಿದೆ.

ಈಗ ಹಿಂದಿನ ಮಾತು ನೆನಪಿಸಿಕೊಳ್ಳಿ. ಈ 22, 4, 21, 8 ಎಲ್ಲವೂ ವೆನೋಗ್ರಫಿಯ ಎಣಿಕೆ. ಅದರಲ್ಲಿ ಬಹುತೇಕರಿಗೆ ಕಾಲಲ್ಲಿ ಹೆಪ್ಪಿದೆ ಎಂಬುದೇ ಗೊತ್ತಿರಲಿಲ್ಲ. ಆಸ್ಟ್ರೇಲಿಯಾದ 1.82 ಪಕ್ಕದಲ್ಲಿ ಈ 4 ಇಟ್ಟು "ಹಳೇ ಇಂಜೆಕ್ಷನ್ನೇ ಮೇಲಲ್ವಾ" ಎಂದು ಕೇಳುವವರೂ ಇದ್ದಾರೆ, ಇದು ಪೂರ್ತಿ ತಪ್ಪು ಹೋಲಿಕೆ. ಅಲ್ಲಿ ಆಸ್ಪತ್ರೆಗೆ ಓಡಿ ಬಂದವರ ಲೆಕ್ಕ, ಇಲ್ಲಿ ಎಕ್ಸ್‌ರೇಯಲ್ಲಿ ಕಂಡಿದ್ದರ ಲೆಕ್ಕ.

ಸಣ್ಣ ಹೆಪ್ಪು ಕಡಿಮೆಯಾದರೆ ದೊಡ್ಡದೂ ಕಡಿಮೆಯಾಗಬೇಕು ಎಂದು ನಂಬಲು ಒಳ್ಳೆ ಕಾರಣಗಳಿವೆ, ಹಳೇ ಔಷಧಿಗಳ ವಿಷಯದಲ್ಲಿ ಹೆಚ್ಚಾಗಿ ಹಾಗೇ ಆಗಿದೆ. ಆದರೂ ನಾಲ್ಕುನೂರು ಜನರಲ್ಲಿ ಅದು ಸಾಬೀತಾಗುವುದಿಲ್ಲ. ರಕ್ತಸ್ರಾವದ ಮಾತೂ ಅಷ್ಟೇ. ದೊಡ್ಡ ರಕ್ತಸ್ರಾವ ಎಷ್ಟು ಅಪರೂಪ ಅಂದರೆ, ಒಂದೊಂದು ಗುಂಪಿನಲ್ಲಿ ನೂರೇ ಜನ ಇದ್ದಾಗ ಸೊನ್ನೆ ಬಂದರೂ ಅದರಿಂದ ಜಾಸ್ತಿ ತಿಳಿಯುವುದಿಲ್ಲ.

ಅರ್ಧಕ್ಕೇ ನಿಂತ ಪ್ರಯೋಗ

2023ರಲ್ಲಿ ಎರಡು ತಿಂಗಳ ಅಂತರದಲ್ಲಿ ಫ್ಯಾಕ್ಟರ್ 11 ಔಷಧಿಗಳ ಎರಡು ಪ್ರಯೋಗ ನಿಂತವು. ಎರಡಕ್ಕೂ "ಅವಧಿಗೆ ಮೊದಲೇ ಸ್ಥಗಿತ" ಎಂದೇ ಸುದ್ದಿ. ಕಾರಣ ಮಾತ್ರ ಉಲ್ಟಾ.

ಸೆಪ್ಟೆಂಬರಿನಲ್ಲಿ ನಿಂತಿದ್ದು ಅಬೆಲಾಸಿಮಾಬ್ ಪ್ರಯೋಗ. ಅದು ಮೊಣಕಾಲಿನವರದ್ದಲ್ಲ, ಎದೆಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಷನ್ ರೋಗಿಗಳದ್ದು. ರಿವರಾಕ್ಸಬಾನ್‌ಗೆ ಹೋಲಿಸಿದರೆ ರಕ್ತಸ್ರಾವ ಅಷ್ಟೊಂದು ಕಡಿಮೆ ಇತ್ತು, ಇನ್ನು ಮುಂದುವರಿಸುವುದು ಬೇಡ ಎಂದರು. ನವೆಂಬರಿನಲ್ಲಿ ನಿಂತಿದ್ದು ಅಸುಂಡೆಕ್ಸಿಯಾನ್ ಗುಳಿಗೆಯದ್ದು. ಅದೂ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲೇ, 14,810 ಜನರಲ್ಲಿ. ಇಲ್ಲಿ ರಕ್ತಸ್ರಾವವೇನೋ ಕಡಿಮೆ ಇತ್ತು, ಆದರೆ ಪಾರ್ಶ್ವವಾಯು ಮತ್ತು ಅಂಥ ಹೆಪ್ಪಿನ ಘಟನೆ ಅಪಿಕ್ಸಬಾನ್‌ನಲ್ಲಿ ನೂರಕ್ಕೆ 0.4 ಇದ್ದರೆ ಇದರಲ್ಲಿ 1.3. ತಡೆಯಬೇಕಾದ್ದನ್ನೇ ತಡೆಯಲಿಲ್ಲ.

ಮೊಣಕಾಲಿನ ರೋಗಿ ಇದರಿಂದ ಹೆದರಬೇಕಾ? ನೇರವಾಗಿ ಇಲ್ಲ. ಹೃದಯದ ಕೋಣೆಯಲ್ಲಿ ಕಟ್ಟುವ ಹೆಪ್ಪು, ಆಪರೇಷನ್ ಆದ ಕಾಲಲ್ಲಿ ಕಟ್ಟುವ ಹೆಪ್ಪು ಒಂದೇ ಥರದ್ದಲ್ಲ. ಆದರೆ ಒಂದು ಪಾಠ ಇಲ್ಲಿಗೂ ಹೊಂದುತ್ತದೆ. ರಕ್ತ ಕಡಿಮೆ ಸೋರಿತು ಎಂದಮಾತ್ರಕ್ಕೆ ಔಷಧಿ ಒಳ್ಳೆಯದು ಎಂದಾಗುವುದಿಲ್ಲ, ಡೋಸ್ ಸಾಲದಿದ್ದರೂ ರಕ್ತ ಕಡಿಮೆಯೇ ಸೋರುತ್ತದೆ.

ಮೊಣಕಾಲಲ್ಲೇ ಯಾಕೆ ಪರೀಕ್ಷೆ

ಎನಾಕ್ಸಪರಿನ್, ರಿವರಾಕ್ಸಬಾನ್, ಅಪಿಕ್ಸಬಾನ್, ಡಾಬಿಗಟ್ರಾನ್, ಇವೆಲ್ಲವೂ ಕೀಲು ಬದಲಾವಣೆಯ ರೋಗಿಗಳಲ್ಲಿ ಪರೀಕ್ಷೆಯಾಗಿಯೇ ಮುಂದೆ ಹೋದವು. ಇದಕ್ಕೆ ಕಾರಣ ಮೊಣಕಾಲಿನ ಮೇಲಿನ ಪ್ರೀತಿಯೇನಲ್ಲ. ಈ ಆಪರೇಷನ್ನಿನ ದಿನಾಂಕ ಮೊದಲೇ ಗೊತ್ತಿರುತ್ತದೆ, ಹೆಪ್ಪು ಹೆಚ್ಚು ಜನರಲ್ಲಿ ಕಟ್ಟುತ್ತದೆ, ಹತ್ತು ಹನ್ನೆರಡು ದಿನದಲ್ಲಿ ಉತ್ತರ ಸಿಗುತ್ತದೆ. ಕಂಪನಿಗೆ ಡೋಸ್ ಎಷ್ಟಿರಬೇಕು ಎಂದು ಕಡಿಮೆ ಖರ್ಚಲ್ಲಿ ತಿಳಿಯಲು ಇದಕ್ಕಿಂತ ಅನುಕೂಲ ಇಲ್ಲ. ವರ್ಷಗಟ್ಟಲೆ ಔಷಧಿ ತಿನ್ನುವ ಹೃದಯದ ರೋಗಿಗಳು, ಪಾರ್ಶ್ವವಾಯು ಆದವರು, ಕ್ಯಾನ್ಸರ್ ರೋಗಿಗಳು, ದೊಡ್ಡ ಮಾರುಕಟ್ಟೆ ಇರುವುದು ಅಲ್ಲಿ.

ಹಾಗೇ ಆಗಿದೆ. ಮೊಣಕಾಲಲ್ಲಿ ಪಾಸಾದ ಮೇಲೆ ಮಿಲ್ವೆಕ್ಸಿಯಾನ್‌ನ ದೊಡ್ಡ ಪ್ರಯೋಗಗಳು ಹೃದಯ ಮತ್ತು ಪಾರ್ಶ್ವವಾಯುವಿನ ಕಡೆ ಹೊರಳಿದವು, ಅಬೆಲಾಸಿಮಾಬ್‌ನದ್ದು ಏಟ್ರಿಯಲ್ ಫಿಬ್ರಿಲೇಷನ್ ಮತ್ತು ಕ್ಯಾನ್ಸರ್ ರೋಗಿಗಳ ಹೆಪ್ಪಿನ ಕಡೆ. 2025ರಲ್ಲಿ ನೊವಾರ್ಟಿಸ್ ಅಬೆಲಾಸಿಮಾಬ್‌ನ ಕಂಪನಿಯನ್ನೇ ಕೊಂಡುಕೊಂಡಿತು. ಹೀಗಾಗಿ ಮೊಣಕಾಲು ಕೊಟ್ಟು ಪರೀಕ್ಷೆಗೆ ಒಳಗಾದವರ ಕಾಯಿಲೆಗೇ ಈ ಔಷಧಿ ಮೊದಲು ಬರುತ್ತದೆ ಎಂಬ ಖಾತ್ರಿ ಇಲ್ಲ. ಬಂದರೂ ಆಂಟಿಬಾಡಿ ಔಷಧಿಗಳು ಅಗ್ಗವಾಗಿರುವುದು ಕಡಿಮೆ. ಅತ್ತ ರಿವರಾಕ್ಸಬಾನ್, ಅಪಿಕ್ಸಬಾನ್‌ಗಳ ಪೇಟೆಂಟ್ ನಮ್ಮ ದೇಶದಲ್ಲಿ ಮುಗಿದು, ಹಲವು ಭಾರತೀಯ ಕಂಪನಿಗಳು ಅವನ್ನು ಮಾಡುತ್ತಿವೆ. ಎರಡು ವಾರಕ್ಕಷ್ಟೇ ಬೇಕಾದ ಔಷಧಿಯಲ್ಲಿ ಇವುಗಳನ್ನು ಬೆಲೆಯಲ್ಲಿ ಹಿಂದಿಕ್ಕುವುದು ಹೊಸಬರಿಗೆ ಸುಲಭವಲ್ಲ.

ಎನಾಕ್ಸಪರಿನ್‌ದು ಇನ್ನೊಂದು ಕಥೆ. ಅದು ಹೆಪಾರಿನ್‌ನಿಂದ, ಹೆಪಾರಿನ್ ಹಂದಿಯ ಕರುಳಿನಿಂದ, ಅದರ ದೊಡ್ಡ ಪಾಲು ಚೀನಾದಿಂದ. ಅಲ್ಲಿನ ಹಂದಿಗಳಿಗೆ ರೋಗ ಹರಡಿದರೆ ಇಲ್ಲಿ ಬೆಲೆ ಏರುತ್ತದೆ. 2020ರಲ್ಲಿ ಭಾರತದ ಔಷಧಿ ಬೆಲೆ ನಿಯಂತ್ರಣ ಪ್ರಾಧಿಕಾರ ಹೆಪಾರಿನ್ ಬೆಲೆಯನ್ನು ಶೇಕಡಾ 50ರಷ್ಟು ಏರಿಸಲು ಒಪ್ಪಿಗೆ ಕೊಡಬೇಕಾಯಿತು. ಹಂದಿ ಎಂದರೆ ಬೇಡ ಎನ್ನುವ ರೋಗಿಗಳಿದ್ದಾರೆ, ಸಸ್ಯಾಹಾರಿಗಳಿದ್ದಾರೆ. ಅವರಿಗೆ ಮೊದಲೇ ಹೇಳಿ, ಗುಳಿಗೆಯ ಆಯ್ಕೆ ಮುಂದಿಡುವುದು ಮರ್ಯಾದೆ.

ಡಿಸ್ಚಾರ್ಜ್ ಆದಮೇಲೆ

ಪ್ರಯೋಗದ ಫಲಿತಾಂಶಗಳೆಲ್ಲ ನಿಂತಿರುವುದು ರೋಗಿಗಳು ಔಷಧಿಯನ್ನು ಸರಿಯಾಗಿ ತೆಗೆದುಕೊಂಡಿದ್ದಾರೆ ಎಂಬ ನಂಬಿಕೆಯ ಮೇಲೆ. ತಡೆ ಔಷಧಿ ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ ಬೇಕು, ಕೆಲವರಿಗೆ 35 ದಿನದವರೆಗೂ. ಆಸ್ಪತ್ರೆಯಲ್ಲಿ ಇರುವುದು ಮೂರೋ ನಾಲ್ಕೋ ದಿನ. ಉಳಿದದ್ದೆಲ್ಲ ಮನೆಯಲ್ಲೇ. ಆ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದರೆ ಒಂದು ಥರ, ಹಾನಗಲ್ಲಿನ ಆಚೆಯ ಹಳ್ಳಿಯಲ್ಲೋ ಮುಂಡರಗಿಯ ಕಡೆ ಹೊಲದ ಮನೆಯಲ್ಲೋ ಇದ್ದರೆ ಇನ್ನೊಂದು ಥರ.

ಎನಾಕ್ಸಪರಿನ್ನನ್ನೇ ತೆಗೆದುಕೊಳ್ಳಿ. ಔಷಧಿ ತುಂಬಿದ ಸಣ್ಣ ಸಿರಿಂಜ್, 40 ಮಿಲಿಗ್ರಾಂ, ದಿನಕ್ಕೊಂದು. ಹೊಕ್ಕುಳಿನಿಂದ ಎರಡು ಇಂಚಾದರೂ ಪಕ್ಕಕ್ಕೆ ಹೊಟ್ಟೆಯ ಚರ್ಮವನ್ನು ಹಿಡಿದೆತ್ತಿ, ಸೂಜಿಯನ್ನು ನೆಟ್ಟಗೆ ಪೂರ್ತಿ ಇಳಿಸಿ, ನಿಧಾನವಾಗಿ ಔಷಧಿ ಬಿಡಬೇಕು. ಸಿರಿಂಜ್‌ನಲ್ಲಿರುವ ಗಾಳಿಗುಳ್ಳೆಯನ್ನು ಹೊರಗೆ ಹಾಕಬಾರದು, ಹಾಕಲು ಹೋದರೆ ಔಷಧಿಯೂ ಹೋಗುತ್ತದೆ. ಚುಚ್ಚಿದ ಜಾಗವನ್ನು ತಿಕ್ಕಬಾರದು, ತಿಕ್ಕಿದರೆ ನೀಲಿಗಟ್ಟುತ್ತದೆ. ಇವತ್ತು ಎಡಗಡೆ ಆದರೆ ನಾಳೆ ಬಲಗಡೆ. 25 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ ಇಡಬಾರದು, ಫ್ರೀಜರ್‌ನಲ್ಲೂ ಇಡಬಾರದು. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮನೆಯಲ್ಲಿ ಇದನ್ನು ಎಲ್ಲಿಡುವುದು? ಚುಚ್ಚುವವರು ಯಾರು? ಊರಲ್ಲಿ ನರ್ಸ್ ಇದ್ದರೆ ಸರಿ. ಇಲ್ಲವಾದರೆ ಹೊಸ ಮೊಣಕಾಲು ಹೊತ್ತು ದಿನಾ ತಾಲೂಕಿಗೆ ಓಡಾಟ, ಇಲ್ಲಾ ಮೂರನೇ ದಿನಕ್ಕೆ "ಈಗ ಆರಾಮ ಅದೀನಿ" ಎಂದು ಬಿಡುವುದು. ಮನೆಯವರಲ್ಲಿ ಒಬ್ಬರು ಡಿಸ್ಚಾರ್ಜ್‌ಗೆ ಮೊದಲೇ ನರ್ಸ್ ಎದುರು ಒಂದು ಡೋಸ್ ತಾವೇ ಕೊಟ್ಟು ಕಲಿತಿದ್ದರೆ ಅರ್ಧ ಸಮಸ್ಯೆ ಇರುವುದಿಲ್ಲ.

ಗುಳಿಗೆಗೆ ಈ ರಗಳೆ ಇಲ್ಲ. ಆದರೆ ಗುಳಿಗೆಗೂ ಅದರದ್ದೇ ತಾಪತ್ರಯ. ಮೊಣಕಾಲು ನೋಯುತ್ತದೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೋಫೆನಾಕ್ ತಂದು ನುಂಗುವವರಿದ್ದಾರೆ. ರಕ್ತ ತಿಳಿ ಮಾಡುವ ಔಷಧಿಯ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ ಇಂಜೆಕ್ಷನ್ನಿನ ಡೋಸೂ, ಈ ಹೊಸ ಗುಳಿಗೆಗಳ ಡೋಸೂ ಬದಲಾಗಬೇಕಾಗಬಹುದು.

ಆಂಟಿಬಾಡಿಯ ನಿಜವಾದ ಆಕರ್ಷಣೆ ಇರುವುದು ಇಲ್ಲಿ. 22ರಿಂದ 4ಕ್ಕೆ ಇಳಿಯಿತು ಎಂಬುದಕ್ಕಿಂತ, ಆಸ್ಪತ್ರೆಯಲ್ಲಿ ಒಂದೇ ಸಲ ಕೊಟ್ಟು ಕಳಿಸಬಹುದು, ಮನೆಯಲ್ಲಿ ಮರೆಯುವ ಪ್ರಶ್ನೆಯೇ ಇಲ್ಲ ಎಂಬುದು ನಮ್ಮಂಥ ಕಡೆ ಜಾಸ್ತಿ ಬೆಲೆಯುಳ್ಳ ಸಂಗತಿ. ಆದರೆ ಯಾವ ಗುಣ ಅನುಕೂಲವೋ ಅದೇ ಅನನುಕೂಲ. ಗುಳಿಗೆಯಲ್ಲಿ ರಕ್ತಸ್ರಾವವಾದರೆ ನಿಲ್ಲಿಸಬಹುದು, ಒಂದೆರಡು ದಿನದಲ್ಲಿ ಪ್ರಭಾವ ಇಳಿಯುತ್ತದೆ. ಆಂಟಿಬಾಡಿಯನ್ನು ದೇಹದಿಂದ ವಾಪಸ್ ತೆಗೆಯಲು ಬರುವುದಿಲ್ಲ. ಆ ತಿಂಗಳಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾದರೆ ಅಥವಾ ಇನ್ನೊಂದು ಆಪರೇಷನ್ ಬೇಕಾದರೆ, ನೋಡುವ ವೈದ್ಯರಿಗೆ ಇದು ಗೊತ್ತಿರಬೇಕು.

ಯಾವ ಔಷಧಿಯೇ ಆಗಲಿ, ಔಷಧಿಯಲ್ಲದ ಕೆಲಸ ಬಿಡುವಂತಿಲ್ಲ. ಅದೇ ದಿನ ಅಥವಾ ಮರುದಿನವೇ ಎದ್ದು ನಡೆಯುವುದು, ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು, ಆಸ್ಪತ್ರೆಯಲ್ಲಿ ಕಾಲಿಗೆ ಗಾಳಿ ತುಂಬಿ ಒತ್ತುವ ಯಂತ್ರ. ಹುಬ್ಬಳ್ಳಿಯಿಂದ ಹಾವೇರಿಗೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಕಾಲು ಮಡಚಿ ಕೂತೇ ಹೋಗುವ ಬದಲು ನಡುವೆ ಶಿಗ್ಗಾವಿಯಲ್ಲಿ ಗಾಡಿ ನಿಲ್ಲಿಸಿ ಹತ್ತು ಹೆಜ್ಜೆ ಹಾಕಿಸಿದರೆ ಖರ್ಚಿಲ್ಲ.

ನಮ್ಮ ಕಡೆ ಪ್ರಯೋಗಕ್ಕೆ ಕರೆದರೆ

ಭಾರತದಲ್ಲಿ ಇಂಥ ಪ್ರಯೋಗಗಳಿಗೆ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅನ್ವಯಿಸುತ್ತವೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಇರಬೇಕು. ಓದುಬರಹ ಬಾರದವರಿದ್ದರೆ ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿ ಒಬ್ಬರು ಪಕ್ಕದಲ್ಲಿರಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಪ್ರಯೋಗ ಶುರುವಾಗುವ ಮೊದಲೇ ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಿರಬೇಕು, ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ತೆರೆದು ನೋಡಬಹುದು. ಆ ನೋಂದಣಿ ಸಂಖ್ಯೆ ಕೇಳುವುದು ಅಧಿಕಪ್ರಸಂಗ ಅಲ್ಲ.

ಪ್ರಯೋಗಕ್ಕೆ ಸೇರುವುದು ಬಿಡುವುದು ಅವರವರ ಇಷ್ಟ. ಸೇರದಿದ್ದರೂ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ. ಆದರೆ ಸಹಿ ಮಾಡುವ ಮೊದಲು ಇಷ್ಟು ಕೇಳಿಬಿಡಿ. ಹೋಲಿಕೆ ಯಾವ ಔಷಧಿಯ ಜೊತೆ, ಅಥವಾ ಏನೂ ಕೊಡದ ಗುಂಪೂ ಇದೆಯೇ? ವೆನೋಗ್ರಫಿ ಮಾಡುತ್ತಾರಾ, ಹಾಗಾದರೆ ಆ ದಿನ ಮತ್ತೆ ಊರಿಂದ ಬಂದುಹೋಗುವ ಖರ್ಚು ಯಾರದ್ದು? ಔಷಧಿ ದೇಹದಲ್ಲಿ ಎಷ್ಟು ದಿನ ಇರುತ್ತದೆ? ರಾತ್ರಿ ಹನ್ನೊಂದಕ್ಕೆ ಉಸಿರು ಕಟ್ಟಿದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಎತ್ತುವವರು ಯಾರು? ತಿಂಗಳ ಮಟ್ಟಿಗೆ ಉಳಿಯುವ ಆಂಟಿಬಾಡಿ ಆಗಿದ್ದರೆ, ಅದರ ಹೆಸರು, ಕೊಟ್ಟ ದಿನಾಂಕ, ಪ್ರಭಾವ ಮುಗಿಯುವ ಅಂದಾಜು ದಿನ ಬರೆದ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಗದಗಿನಲ್ಲೋ ರಾಣೆಬೆನ್ನೂರಿನಲ್ಲೋ ತುರ್ತು ವಿಭಾಗಕ್ಕೆ ಹೋದಾಗ ಅಲ್ಲಿನ ಡ್ಯೂಟಿ ಡಾಕ್ಟರಿಗೆ ಬೇಕಾಗುವುದು ಅದೇ.